ಸಿಹಿನೀರು ಕಂಡ ನೀಲಿಕಲ್ಲು

ಬೆಳಿಗ್ಗೆ ಐದು ಗಂಟೆ ಐದು ನಿಮಿಷ. ಸುರಪುರದಿಂದ ಯಾದಗಿರಿಗೆ ಹೋಗುವ ಮೊದಲ ಬಸ್ಸು ಶಹಾಪುರ ನಿಲ್ದಾಣಕ್ಕೆ ಬಂದು ನಿಂತಿತು. ತಾರೀಖು ಮೇ ಎರಡು.

ಗುರುದೇವಿ ಹತ್ತಿದಳು. ಕೈಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಡ್ರೈವರನ ಪಕ್ಕದ ಇಂಜಿನ್ ಮುಚ್ಚಳದ ಮೇಲಿಟ್ಟು, ಪರ್ಸಿನಿಂದ ಆಧಾರ್ ಕಾರ್ಡು ತೆಗೆದು ಕಂಡಕ್ಟರನಿಗೆ ತೋರಿಸಿದಳು. ಟಿಕೆಟು ಇಸಿದುಕೊಂಡು ತಿರುಗಿದರೆ ಡಬ್ಬಿ ಇರಲಿಲ್ಲ!

ಅವಳು ಅತ್ತಿತ್ತ ಹುಡುಕಿದಳು. ಮೂರು ವರ್ಷದ ಕೆಲಸ ಆ ಡಬ್ಬಿಯಲ್ಲಿತ್ತು.

ಅದು ಮುಂದಿನ ಸೀಟಿನಲ್ಲಿ ಕುಳಿತವನ ಬಳಿ ಇತ್ತು. ಮೂವತ್ತರ ಆಸುಪಾಸಿನ ಗಂಡಸು. ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಕಿಟಕಿಯ ಗಾಳಿಗೆ ಒಡ್ಡಿಕೊಂಡಿದ್ದ.

"ಅದು ನಂದ್ರಿ. ಹೇಳದ ಕೇಳದ ಹ್ಯಾಂಗ ಎತ್ತಿಕೊಂಡ್ರಿ?"

"ಇಂಜಿನ್ ಕಾದಿರ್ತದ್ರಿ. ಯಾದಗಿರಿ ಮುಟ್ಟೂದ್ರಾಗ ನಿಮ್ಮ ಮೇಣ ಸಾರಾಗಿರ್ತಿತ್ತು," ಎಂದ ಅವನು, ತಲೆ ಎತ್ತದೆ.

"ಒಳಗ ಮೇಣ ಅದ ಅಂತ ನಿಮಗ್ಯಾರು ಹೇಳಿದ್ರು?"

"ಕಾಣಸ್ತದಲ್ರಿ."

ಗುರುದೇವಿ ಡಬ್ಬಿಯನ್ನು ಕಸಿದುಕೊಂಡಂತೆಯೇ ತೆಗೆದುಕೊಂಡಳು. ಖಾಲಿ ಇದ್ದದ್ದು ಅವನ ಪಕ್ಕದ ಜಾಗ ಒಂದೇ. ಕುಳಿತಳು. ಯಾದಗಿರಿ ಬರುವವರೆಗೆ ಒಂದು ಮಾತೂ ಆಡಲಿಲ್ಲ.

ಎಂಥಾ ಮನುಷ್ಯ... ಒಂದು ಮಾತು ಕೇಳಿ ಎತ್ತಿಕೊಂಡಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಆದರೆ ಡಬ್ಬಿಯ ತಳ ಅವಳ ಅಂಗೈಗೆ ಬೆಚ್ಚಗೆ ತಗಲುತ್ತಿತ್ತು. ಇಂಜಿನ್ ಮೇಲೆ ಅದು ಇದ್ದದ್ದು ಎರಡೇ ನಿಮಿಷ. ಅವನು ಹೇಳಿದ್ದು ನಿಜವೇ ಇತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಐದು ಗಂಟೆ ಐವತ್ತೈದಕ್ಕೆ ಬಸ್ಸು ಯಾದಗಿರಿ ತಲುಪಿತು. ವಿಳಾಸ ಕೇಳಿಕೊಂಡು ಸ್ಟೇಷನ್ ರಸ್ತೆಯ ಪ್ಯಾಥಾಲಜಿ ಲ್ಯಾಬಿನ ಮುಂದೆ ಬಂದಾಗ ಒಬ್ಬ ಬಗ್ಗಿ ಶಟರ್ ಎತ್ತುತ್ತಿದ್ದ. ತಿರುಗಿದ. ಅವನೇ!

"ಡಾಕ್ಟರ್ ಹೇಳಿದ್ರು, ಶಹಾಪುರದಿಂದ ಒಬ್ರು ಮೇಡಂ ಮೇಣದ ಅಚ್ಚು ತರ್ತಾರ ಅಂತ," ಎಂದ. "ನಾ ಕಾಂತೇಶ. ಡಬ್ಬಿ ಹುಷಾರಾಗಿ ಬಂತೇನ್ರಿ?"

ಅವಳಿಗೆ ನಗು ಬಂತು. ತಡೆದುಕೊಂಡಳು.

* * *

ಗುರುದೇವಿಗೆ ಇಪ್ಪತ್ತೆಂಟು ವರ್ಷ. ಕಾರವಾರದ ಒಂದು ಸಂಶೋಧನಾ ಕೇಂದ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ವಿಷಯ ಸಮುದ್ರದ ಮಾಲಿನ್ಯ. ಅದನ್ನು ಅಳೆಯಲು ಅವಳು ಆರಿಸಿಕೊಂಡದ್ದು ಬಂಡೆಗೆ ಅಂಟಿ ಬೆಳೆಯುವ ಹಸಿರು ಚಿಪ್ಪಿನ ಒಂದು ಜೀವ. ಕರಾವಳಿಯವರು ಅದನ್ನು ನೀಲಿಕಲ್ಲು ಎನ್ನುತ್ತಾರೆ.

ಮೂರು ಕಡೆಯಿಂದ ಇಪ್ಪತ್ತಿಪ್ಪತ್ತು ಜೀವ ತಂದಿದ್ದಳು. ಒಂದು ಬಂದರು, ಒಂದು ಹೊಳೆ ಸಮುದ್ರ ಸೇರುವ ಜಾಗ, ಇನ್ನೊಂದು ದೂರದ ನಡುಗಡ್ಡೆ. ನಡುಗಡ್ಡೆಯ ನೀರು ಶುದ್ಧ ಎಂದು ಎಲ್ಲರೂ ಒಪ್ಪಿದ್ದು. ಉಳಿದೆರಡನ್ನು ಅದರೊಂದಿಗೆ ಹೋಲಿಸಬೇಕು. ಅವುಗಳ ಕಿವಿರು ಮತ್ತು ಜೀರ್ಣಗ್ರಂಥಿಯನ್ನು ಮೇಣದಲ್ಲಿ ಹುದುಗಿಸಿ ಅಚ್ಚು ಮಾಡಿದ್ದಾಗಿತ್ತು. ಒಟ್ಟು ಅರವತ್ತು ಅಚ್ಚು.

ಇನ್ನು ಅವನ್ನು ಕೂದಲಿನ ಹತ್ತನೇ ಒಂದು ಭಾಗಕ್ಕಿಂತ ತೆಳುವಾಗಿ ಕೊಯ್ದು, ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು ಬಾಕಿ.

ಅಷ್ಟರಲ್ಲಿ ಅಪ್ಪ ಸೂಗಪ್ಪ ಶಹಾಪುರದ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಅವ್ವ ಹಂಪಮ್ಮ ಒಬ್ಬಳಿಂದ ಅವರನ್ನು ಎತ್ತಿ ಕೂರಿಸುವುದು ಆಗುತ್ತಿರಲಿಲ್ಲ. ಗುರುದೇವಿ ಆರು ವಾರ ರಜೆ ಹಾಕಿ, ಡಬ್ಬಿ ಸಮೇತ ಊರಿಗೆ ಬಂದಳು. ಪ್ರಬಂಧ ಕೊಡಲು ಕೊನೆಯ ದಿನ ಜೂನ್ ಹದಿನೈದು.

ಕೊಯ್ಯುವ ಯಂತ್ರ ಇದ್ದದ್ದು ಯಾದಗಿರಿಯ ಈ ಲ್ಯಾಬಿನಲ್ಲಿ. ಮನುಷ್ಯರ ಗಡ್ಡೆಗಳ ಪರೀಕ್ಷೆಗೆಂದು ಇಟ್ಟದ್ದು. ಅದರ ಮಾಲೀಕರು ಡಾ. ಮುಜಫರ. ಅವರು ಅವಳ ಮಾತು ಕೇಳಿ, ರೋಗಿಗಳು ಬರುವ ಮುಂಚೆ, ಆರರಿಂದ ಎಂಟರವರೆಗೆ ಬಳಸಿಕೊಳ್ಳಲು ಒಪ್ಪಿದ್ದರು. ಆಮೇಲೆ ಹೇಗೂ ಸಾಧ್ಯವಿರಲಿಲ್ಲ. ಮೇ ತಿಂಗಳ ಬಿಸಿಲಿಗೆ ಒಂಬತ್ತರ ಹೊತ್ತಿಗೇ ಮೇಣ ಮೆತ್ತಗಾಗಿ, ಅಲಗಿಗೆ ಸಿಕ್ಕಿ ಮುದುಡುತ್ತಿತ್ತು.

ಮೊದಲ ದಿನ ಕಾಂತೇಶ ಒಂದು ಅಚ್ಚನ್ನು ಐಸಿನ ಮೇಲೆ ಐದು ನಿಮಿಷ ಬೋರಲು ಹಾಕಿ, ಯಂತ್ರಕ್ಕೆ ಸಿಕ್ಕಿಸಿ, ಚಕ್ರ ತಿರುಗಿಸಿದ. ಅಲಗಿನಿಂದ ತೆಳ್ಳನೆಯ ಪಟ್ಟಿ ರಿಬ್ಬನ್ನಿನ ಹಾಗೆ ಇಳಿಯಿತು. ಅದನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟ. ಪಟ್ಟಿ ಒಂದೂ ಸುಕ್ಕಿಲ್ಲದೆ ಹರಡಿಕೊಂಡಿತು.

ಗುರುದೇವಿ ಬಗ್ಗಿ ನೋಡಿದಳು. ಅವಳೂ ಪ್ರಯತ್ನಿಸಿದಳು. ಹರಿಯಿತು. ಮತ್ತೆ ಪ್ರಯತ್ನಿಸಿದಳು. ಮತ್ತೆ ಹರಿಯಿತು.

"ಹಗೂರ ತಿರುಗಸ್ರಿ," ಎಂದ ಅವನು. "ನಿಮಗ ಬಸ್ ತಪ್ಪೂದಿಲ್ಲ."

ಎರಡನೆಯ ದಿನ ಅವನೇ ಕೇಳಿದ. ಸಮುದ್ರ ಕೆಟ್ಟದ್ದು ಗೊತ್ತಾಗಬೇಕಾದರೆ ನೀರನ್ನೇ ಪರೀಕ್ಷೆ ಮಾಡಬಹುದಲ್ಲ, ಈ ಬಡಜೀವ ಯಾಕೆ?

ನೀರು ಆ ಹೊತ್ತಿನದ್ದಷ್ಟೇ ಹೇಳುತ್ತದೆ ಎಂದು ಅವಳು ವಿವರಿಸಿದಳು. ಇವತ್ತು ವಿಷ ಬಿಟ್ಟರು, ನಾಳೆ ಅಲೆ ಬಂದು ತೊಳೆಯಿತು, ನಾಡಿದ್ದು ನೀರು ತೆಗೆದರೆ ಏನೂ ಸಿಗುವುದಿಲ್ಲ. ಈ ಜೀವ ಹಾಗಲ್ಲ. ಇದ್ದಲ್ಲೇ ಇದ್ದು ಹಗಲೂ ರಾತ್ರಿ ನೀರು ಸೋಸಿ ಬದುಕುತ್ತದೆ. ಸೋಸಿದ್ದರಲ್ಲಿ ಏನಿತ್ತೋ ಅದರ ಗುರುತು ಮೈಯ ಒಳಗೆ ಉಳಿಯುತ್ತದೆ. ಅದು ಸಾಯುವ ಎಷ್ಟೋ ಮುಂಚೆ ಅದರ ಜೀವಕೋಶಗಳಲ್ಲಿ ಕಾಣುತ್ತದೆ.

ಕಾಂತೇಶ ಐಸಿನ ಮೇಲಿದ್ದ ಅಚ್ಚನ್ನು ಕೈಗೆತ್ತಿಕೊಂಡ.

"ಅಂದ್ರ ನೀರಿಂದು ಖಾಲಿ ಹೊಟ್ಟಿ ಶುಗರ್. ಇದು ಮೂರು ತಿಂಗಳ ಶುಗರ್."

ಗುರುದೇವಿ ಅವನ ಮುಖ ನೋಡಿದಳು. ಮೂರು ವರ್ಷದಲ್ಲಿ ಎಷ್ಟೋ ಸಭೆಗಳಲ್ಲಿ ಇದನ್ನೇ ವಿವರಿಸಿದ್ದಳು. ಇಷ್ಟು ಚಿಕ್ಕದಾಗಿ ಒಮ್ಮೆಯೂ ಹೇಳಲಾಗಿರಲಿಲ್ಲ.

* * *

ಮೂರನೆಯ ದಿನದಿಂದ ಬಸ್ಸಿನ ಎರಡನೇ ಸಾಲಿನ ಕಿಟಕಿ ಸೀಟಿನ ಮೇಲೆ ಒಂದು ಟವೆಲ್ ಇರತೊಡಗಿತು. ಶಹಾಪುರದಲ್ಲಿ ಅವಳು ಹತ್ತಿದ ಕೂಡಲೇ ಕಾಂತೇಶ ಅದನ್ನು ಎತ್ತಿ ಮಡಚುತ್ತಿದ್ದ. ಒಂದು ದಿನ ಒಬ್ಬ ಹೆಂಗಸು ಆ ಜಾಗಕ್ಕೆ ಜಗಳ ತೆಗೆದಳು. ಯಾರು ಬರುವವರು ಎಂದು ಕೇಳಿದಳು. "ಪೇಷಂಟ್ ಅದಾರ್ರಿ" ಎಂದು ಅವನು ಹೇಳಿದ್ದು ಗುರುದೇವಿಗೆ ಆಮೇಲೆ ಕಂಡಕ್ಟರನಿಂದ ತಿಳಿಯಿತು.

ಅವನು ಸುರಪುರದವನು. ಮನೆಯಲ್ಲಿ ತಾಯಿ ಹಣಮಂತಮ್ಮ ಒಬ್ಬಳೇ. ಹತ್ತು ವರ್ಷದಿಂದ ಇದೇ ಬಸ್ಸು, ಇದೇ ಯಂತ್ರ. ಕೊಯ್ದ ಪ್ರತಿ ಗಡ್ಡೆಯ ಹಿಂದೆ ಒಂದು ಮನೆ ಕಾಯುತ್ತಿರುತ್ತದೆ, ಅದಕ್ಕೇ ಕೈ ಅವಸರ ಮಾಡುವುದಿಲ್ಲ ಎಂದು ಒಮ್ಮೆ ಹೇಳಿದ್ದ. ಆ ಮಾತು ಹೇಳಿದವನು ತಕ್ಷಣ ಎದ್ದು ಐಸ್ ತರಲು ಹೋದ, ಹೆಚ್ಚು ಹೇಳಿಬಿಟ್ಟೆ ಎನ್ನುವ ಹಾಗೆ.

ಸ್ಲೈಡುಗಳು ತಯಾರಾದಾಗ ಗುರುದೇವಿ ಅವನಿಗೊಂದು ಕೆಲಸ ಒಪ್ಪಿಸಿದಳು. ಯಾವ ಸ್ಲೈಡು ಯಾವ ಜಾಗದ್ದು ಎಂದು ತನಗೆ ತಿಳಿಯಬಾರದು. ತಿಳಿದರೆ ಬಂದರಿನದರಲ್ಲಿ ಕೆಟ್ಟದ್ದನ್ನೇ ಹುಡುಕುತ್ತೇನೆ, ನಡುಗಡ್ಡೆಯದರಲ್ಲಿ ಒಳ್ಳೆಯದನ್ನೇ. ಹಾಗಾಗಿ ಅವನು ಹೆಸರು ಅಳಿಸಿ ಬರಿಯ ಸಂಖ್ಯೆ ಹಾಕಬೇಕು. ಯಾವ ಸಂಖ್ಯೆ ಯಾವುದೆಂಬ ಪಟ್ಟಿ ಅವನ ಬಳಿ ಇರಬೇಕು.

"ಅರವತ್ತೂ ಓದಿ ಮುಗಿಯೂ ತನಕ ಪಟ್ಟಿ ತೋರಸಬ್ಯಾಡ್ರಿ. ನಾ ಕೇಳಿದ್ರೂ ತೋರಸಬ್ಯಾಡ್ರಿ."

ಕಾಂತೇಶ ರಿಜಿಸ್ಟರಿನಲ್ಲಿ ಆ ಮಾತನ್ನು ಹಾಗೆಯೇ ಬರೆದುಕೊಂಡ. ಕೆಳಗೆ ಅವಳ ಸಹಿ ಹಾಕಿಸಿಕೊಂಡ.

"ಸಹಿ ಯಾಕ್ರಿ?"

"ನಾಳೆ ನೀವ ಕೇಳ್ತೀರಿ. ಅದಕ್ಕ."

* * *

ಮೇ ಹದಿನೆಂಟರಂದು ಅವಳು ಕೇಳಿದಳು.

ಅಂದು ಬೆಳಿಗ್ಗೆ ಕಾರವಾರದಿಂದ ಅವಳ ಗೈಡ್ ಫೋನು ಮಾಡಿದ್ದರು. ಕರಾವಳಿ ಮಾಲಿನ್ಯದ ಬಗ್ಗೆ ದೊಡ್ಡ ಸಭೆ ಇದೆ, ಅವಳ ಫಲಿತಾಂಶ ಅಲ್ಲಿ ಮಂಡಿಸಬಹುದು, ಶುಕ್ರವಾರ ಹತ್ತು ಗಂಟೆಯೊಳಗೆ ಕಳಿಸಬೇಕು ಎಂದರು. ಇನ್ನೂ ಎಂಟು ಸ್ಲೈಡು ಓದುವುದಿತ್ತು. ಐವತ್ತೆರಡಕ್ಕೆ ಹಾನಿಯ ಅಂಕ ಕೊಟ್ಟಾಗಿತ್ತು, ಸರಿಯಿದ್ದರೆ ಸೊನ್ನೆ, ಪೂರ್ತಿ ಹಾಳಾಗಿದ್ದರೆ ಮೂರು. ಅವುಗಳಲ್ಲಿ ಹದಿನೇಳು ಸ್ಲೈಡು ಅವಳನ್ನು ಬೆಚ್ಚಿಬೀಳಿಸಿದ್ದವು. ಕೋಶಗಳು ಊದಿ, ಒಡೆದು, ಒಂದಕ್ಕೊಂದು ಕಳಚಿಕೊಂಡಿದ್ದವು. ಇಷ್ಟು ಹಾಳಾದದ್ದನ್ನು ಅವಳು ಎಲ್ಲೂ ನೋಡಿರಲಿಲ್ಲ.

"ಎಂಟ ಉಳದಾವ, ಕಾಂತೇಶ. ಪಟ್ಟಿ ಕೊಡ್ರಿ."

"ಎಂಟು ಓದ್ರಿ. ಕೊಡ್ತೀನಿ."

"ನನ್ನ ಕೆಲಸ. ನನ್ನ ಸ್ಲೈಡು."

"ಸಹಿನೂ ನಿಮ್ದ ಅದ್ರಿ."

ಎಷ್ಟು ಸೊಕ್ಕು ಇವನಿಗೆ... ಎಂದುಕೊಂಡಳು. ಮೈಕ್ರೋಸ್ಕೋಪಿನ ಮುಂದೆ ಹೋಗಿ ಕುಳಿತಳು. ಅಂದು ನಾಲ್ಕು ಓದಿದಳು. ಮರುದಿನ ನಾಲ್ಕು.

ಮಂಗಳವಾರ ಎಂಟಕ್ಕೆ ಐದು ನಿಮಿಷ ಇರುವಾಗ ಕಾಂತೇಶ ಬೀರುವಿನ ಬೀಗ ತೆಗೆದು ರಿಜಿಸ್ಟರ್ ಅವಳ ಮುಂದಿಟ್ಟ. ಇಬ್ಬರೂ ಸಂಖ್ಯೆ ಹೊಂದಿಸಿ ನೋಡಿದರು.

ಒಡೆದು ಹೋದ ಸ್ಲೈಡು ಒಟ್ಟು ಇಪ್ಪತ್ತು. ಇಪ್ಪತ್ತಕ್ಕೆ ಇಪ್ಪತ್ತೂ ನಡುಗಡ್ಡೆಯವು.

ಶುದ್ಧ ಎಂದುಕೊಂಡ ನೀರೇ ಎಲ್ಲಕ್ಕಿಂತ ಕೆಟ್ಟದ್ದು! ಯಾರೂ ಹೇಳದಿದ್ದ ಸಂಗತಿ! ಅವಳು ಅಲ್ಲಿಂದಲೇ ಗೈಡಿಗೆ ಫೋನು ಮಾಡಿದಳು. ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡು, ಇದು ಪತ್ರಿಕೆಗಳ ಮುಖಪುಟಕ್ಕೆ ಹೋಗುವ ಸುದ್ದಿ ಎಂದರು. ಗುರುದೇವಿ ಫೋನು ಇಟ್ಟಳು. ಮೂರು ವರ್ಷ... ಕೊನೆಗೂ...

ಕಾಂತೇಶ ಇನ್ನೂ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟಿದ್ದ.

"ಮೇಡಂ, ಒಂದು ಮಾತು. ಬಂದರಿನ ಸ್ಲೈಡ್ ನೋಡ್ರಿ. ಎಲ್ಲಿ ಪೆಟ್ಟು ಬಿದ್ದದ, ಅಲ್ಲಿ ರಕ್ತದ ಕಣ ಬಂದು ಗುಂಪು ಕಟ್ಯಾವ. ನಡುಗಡ್ಡಿದ್ರಾಗ ಅಂಥಾದ್ದು ಒಂದೂ ಇಲ್ಲ."

"ಅಂದ್ರ?"

"ಜೀವ ಇದ್ದಾಗ ಗಾಯ ಆದ್ರ ಮೈ ಸುಮ್ಮನಿರಂಗಿಲ್ರಿ. ಎದುರಾಡ್ತದ. ಇಲ್ಲಿ ಮೈ ಎದುರಾಡೇ ಇಲ್ಲ. ಇದು ಬದುಕಿದ್ದಾಗ ಆದದ್ದಲ್ಲ ಅನ್ನಸ್ತದ. ಆಮ್ಯಾಲ ಏನೋ ಆಗ್ಯದ."

ಅವಳ ಎದೆಯಲ್ಲಿದ್ದ ಸಂತೋಷದ ಜಾಗದಲ್ಲಿ ಒಂದು ಭಯ ಬಂದು ಕುಳಿತಿತು. ಆ ಭಯವೇ ಬಾಯಿಯಿಂದ ಮಾತಾಗಿ ಹೊರಟಿತು.

"ನೀವು ಕೊಯ್ಯೋರು, ಕಾಂತೇಶ. ಓದೂದು ನಮ್ಮ ಕೆಲಸ."

ಕಾಂತೇಶ ಮೈಕ್ರೋಸ್ಕೋಪಿನ ದೀಪ ಆರಿಸಿದ.

"ಹೌದ್ರಿ," ಎಂದ ಅವನು. ರಿಜಿಸ್ಟರ್ ಮುಚ್ಚಿ ಒಳಗಿಟ್ಟ.

* * *

ಬುಧವಾರ ಬೆಳಿಗ್ಗೆ ಐದಕ್ಕೆ ಗುರುದೇವಿ ನಿಲ್ದಾಣದಲ್ಲಿದ್ದಳು. ಕೊಯ್ಯುವ ಕೆಲಸ ಮುಗಿದಿತ್ತು, ಯಾದಗಿರಿಗೆ ಹೋಗುವ ಅಗತ್ಯ ಇರಲಿಲ್ಲ. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಬೇಕಿತ್ತು, ಅಷ್ಟೆ.

ಬಸ್ಸು ಬಂತು. ಎರಡನೇ ಸಾಲಿನ ಕಿಟಕಿ ಸೀಟಿನಲ್ಲಿ ಯಾರೋ ಮುದುಕರು ನಿದ್ದೆ ಮಾಡುತ್ತಿದ್ದರು. ಟವೆಲ್ ಇರಲಿಲ್ಲ. ಅವನೂ ಇರಲಿಲ್ಲ.

ಅವಳು ಹತ್ತದೆ ಮನೆಗೆ ಮರಳಿದಳು. ಗುರುವಾರವೂ ಹೋಗಿ ನಿಂತಳು. ಗುರುವಾರವೂ ಅವನು ಬರಲಿಲ್ಲ.

ನನ್ನ ಮುಖ ನೋಡುವುದು ಬೇಡ ಎಂದೇ ಬಸ್ಸು ಬದಲಿಸಿದ್ದಾನೆ... ಸರಿಯೇ ಇದೆ. ನಾನಾಗಿದ್ದರೂ ಬದಲಿಸುತ್ತಿದ್ದೆ.

ಗುರುವಾರ ಮಧ್ಯಾಹ್ನ ಅವಳು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ವರದಿ ಬರೆಯುತ್ತಿದ್ದಳು. ಪಕ್ಕದಲ್ಲಿ ಹಂಪಮ್ಮ ಪುಂಡಿಪಲ್ಯದ ಸೊಪ್ಪು ತೊಳೆಯುತ್ತಿದ್ದಳು. ಒಂದು ಸಲ, ಎರಡು ಸಲ, ಮೂರು ಸಲ. ಸಂತೆಯಿಂದ ಬಂದ ಯಾವುದೂ ಮೂರು ನೀರು ಕಾಣದೆ ಆ ಮನೆಯ ಅಡುಗೆಮನೆಗೆ ಹೋಗುತ್ತಿರಲಿಲ್ಲ. ಮಗಳ ಡಬ್ಬಿಗಂತೂ ಒಳಗೆ ಪ್ರವೇಶವೇ ಇರಲಿಲ್ಲ. ಮೇಣದಲ್ಲಿದ್ದರೇನು, ಜೀವ ಜೀವವೇ ಎಂದು ಅದನ್ನು ಹಿತ್ತಲ ಕೋಣೆಯಲ್ಲಿ ಇಡಿಸಿದ್ದಳು.

ಅಷ್ಟೊಂದು ಏನು ಬರೆಯುತ್ತಿದ್ದೀ ಎಂದು ಅವ್ವ ಕೇಳಿದಳು. ಎಲ್ಲಕ್ಕಿಂತ ಮೊದಲು ತಂದ ನಡುಗಡ್ಡೆಯ ಜೀವಗಳೇ ಎಲ್ಲಕ್ಕಿಂತ ಕೆಟ್ಟಿವೆ ಎಂದು ಗುರುದೇವಿ ಹೇಳಿದಳು.

"ಮೊದಲನೇ ದಿನ ತಂದಿದ್ದೇನು? ನೀ ಫೋನಿನ್ಯಾಗ ಅತ್ತಿದ್ದ್ಯಲ್ಲ," ಎಂದಳು ಹಂಪಮ್ಮ. "ಕತ್ತರಿಸೂದು ಆಗವಲ್ದವ್ವ, ವಾಸನಿ, ಕೈ ಬರವಲ್ದು ಅಂತ. ನಾನ ಹೇಳೀನಿ, ಚಿಪ್ಪಿ ತಗದು ಚಂದಂಗ ಮೂರು ಸಲ ಸಿಹಿನೀರಾಗ ತೊಳಿ, ಆಮ್ಯಾಲ ಮುಟ್ಟು ಅಂತ. ಆಮ್ಯಾಲ ಸಮಾಧಾನ ಆತು ಅಂದಿದ್ದಿ."

ಗುರುದೇವಿಯ ಬೆರಳು ಲ್ಯಾಪ್‌ಟಾಪಿನ ಮೇಲೆ ನಿಂತುಬಿಟ್ಟವು.

ಸಮುದ್ರದ ಜೀವ. ಉಪ್ಪುನೀರಿನಲ್ಲೇ ಹುಟ್ಟಿ ಬೆಳೆದದ್ದು. ಚಿಪ್ಪು ಬಿಡಿಸಿದ ಮೇಲೆ ಅದರ ಬರಿಮೈಯನ್ನು ಸಿಹಿನೀರಿನಲ್ಲಿ ಅದ್ದಿದರೆ, ಉಪ್ಪಿದ್ದ ಕೋಶದೊಳಕ್ಕೆ ನೀರು ನುಗ್ಗುತ್ತದೆ. ಕೋಶ ಊದುತ್ತದೆ. ಒಡೆಯುತ್ತದೆ.

ಅವಳು ಎದ್ದು ಹೋಗಿ ಹಳೆಯ ನೋಟ್‌ಬುಕ್ ತೆಗೆದಳು. ಮೊದಲ ಪುಟ, ಅವಳದೇ ಅಕ್ಷರ: "ನಡುಗಡ್ಡೆ, 20 ಜೀವ. ತೊಳೆದದ್ದು: ನಲ್ಲಿ ನೀರು, ಮೂರು ಸಲ, ಹತ್ತು ಹತ್ತು ನಿಮಿಷ." ಮುಂದಿನ ವಾರ ಹಿರಿಯ ಸಂಶೋಧಕಿಯೊಬ್ಬರು ನೋಡಿ, ಸಮುದ್ರದ ನೀರಲ್ಲೇ ತೊಳೆಯಬೇಕು ಎಂದು ಕಲಿಸಿದ್ದರು. ಬಂದರು, ಹೊಳೆ ಎರಡನ್ನೂ ಹಾಗೆಯೇ ತೊಳೆದಿದ್ದಳು. ಮೊದಲ ದಿನದ್ದು ಮರೆತೇಹೋಗಿತ್ತು.

ನಡುಗಡ್ಡೆಯ ನೀರು ಕೆಟ್ಟಿರಲಿಲ್ಲ. ಅವಳೇ ಕೆಡಿಸಿದ್ದಳು.

"ನಾ ಏನರ ತಪ್ಪು ಹೇಳಿದ್ನೇನು?" ಎಂದು ಕೇಳಿದಳು ಅವ್ವ. ಮಗಳ ಮುಖ ನೋಡಿ ಅವಳ ಕೈಯ ಪಲ್ಯ ನೀರಿನಲ್ಲೇ ಉಳಿದಿತ್ತು.

"ಇಲ್ಲವ್ವ. ನೀ ಪಲ್ಯಕ್ಕ ಹೇಳಿದ್ದಿ. ನಾ ಚಿಪ್ಪಿಗೆ ಮಾಡಿದೆ."

ಹೇಳದಿದ್ದರೆ ಯಾರಿಗೂ ತಿಳಿಯದು. ನಾಳೆ ಹತ್ತಕ್ಕೆ ವರದಿ ಹೋಗುತ್ತದೆ, ಜೂನ್ ಹದಿನೈದಕ್ಕೆ ಪ್ರಬಂಧ ಹೋಗುತ್ತದೆ, ಹೆಸರಿನ ಮುಂದೆ ಡಾಕ್ಟರ್ ಬರುತ್ತದೆ. ಹೇಳಿದರೆ ಮೂರರಲ್ಲಿ ಒಂದು ಭಾಗ ಹೋಯಿತು. ಹೋಲಿಸಲು ಶುದ್ಧ ಜಾಗವೇ ಇಲ್ಲದಿದ್ದರೆ ಉಳಿದೆರಡಕ್ಕೂ ಅರ್ಥವಿಲ್ಲ.

ಒಳಗೆ ಮಂಚದ ಮೇಲೆ ಮಲಗಿದ್ದ ಸೂಗಪ್ಪನಿಗೆ ಎಲ್ಲವೂ ಕೇಳಿಸಿತ್ತು. ಅವರು ಮೂವತ್ತು ವರ್ಷ ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ನೀರಿನ ಮಟ್ಟ ಬರೆಯುವ ಕೆಲಸ ಮಾಡಿದವರು. ಮಗಳು ಬಂದು ಪಕ್ಕದಲ್ಲಿ ಕುಳಿತಾಗ ತಮಗೂ ಒಮ್ಮೆ ಹಾಗೆ ಆಗಿತ್ತು ಎಂದರು. ಒಂದು ಅಡಿ ತಪ್ಪಾಗಿ ಬರೆದಿದ್ದರು. ಸಾಹೇಬರಿಗೆ ಅವರೇ ಫೋನು ಮಾಡಿ ಹೇಳಿದ್ದರು.

"ತಪ್ಪು ಬರದ್ರ ಕೆರದು ಅಳಸಬಾರದು. ಒಂದು ಗೆರಿ ಎಳದು, ಪಕ್ಕಕ್ಕ ಖರೇದು ಬರದು, ಸಹಿ ಮಾಡಬೇಕು. ಅಷ್ಟ," ಎಂದರು.

* * *

ಶುಕ್ರವಾರ ಆರು ಗಂಟೆಗೆ ಗುರುದೇವಿ ಲ್ಯಾಬಿನ ಮುಂದೆ ಇಳಿದಳು. ರಿಜಿಸ್ಟರಿನಲ್ಲಿ ಒಂದು ಗೆರೆ ಎಳೆದು ಹೊರಟುಬಿಡುವುದು ಎಂದುಕೊಂಡಿದ್ದಳು. ಶಟರ್ ಆಗಲೇ ತೆರೆದಿತ್ತು.

ಕಾಂತೇಶ ಒಳಗಿದ್ದ. ಮೂರು ದಿನದ ಗಡ್ಡ. ಅದೇ ಮಂಗಳವಾರದ ಅಂಗಿ.

"ಬರ್ರಿ," ಎಂದ. "ನೀವು ಬರ್ತೀರಿ ಅಂತ ಗೊತ್ತಿರಲಿಲ್ಲ. ಬಂದದ್ದು ಛಲೋ ಆತು. ಎರಡು ಸ್ಲೈಡ್ ಅದಾವ. ಓದ್ತೀರೇನು?"

"ನಾ ಒಂದು ಮಾತು ಹೇಳಾಕ ಬಂದೀನಿ..."

"ಮೊದಲ ಓದ್ರಿ."

ಮೈಕ್ರೋಸ್ಕೋಪಿನ ಪಕ್ಕದಲ್ಲಿ ಎರಡು ಸ್ಲೈಡು. ಹೆಸರಿಲ್ಲ. ಒಂದಕ್ಕೆ ಏಳು, ಇನ್ನೊಂದಕ್ಕೆ ಹನ್ನೊಂದು ಎಂದು ಸಂಖ್ಯೆ. ಅವಳು ಕುಳಿತು ನೋಡಿದಳು. ಏಳರಲ್ಲಿ ಕೋಶಗಳು ಇಟ್ಟಿಗೆ ಜೋಡಿಸಿದಂತೆ ಸರಿಯಾಗಿದ್ದವು. ಹನ್ನೊಂದರ ಅಂಚಿನುದ್ದಕ್ಕೂ ಕೋಶಗಳು ಊದಿದ್ದವು, ಒಡೆದಿದ್ದವು, ಕಳಚಿದ್ದವು. ಗುಂಪು ಕಟ್ಟಿದ ರಕ್ತಕಣ ಒಂದೂ ಇರಲಿಲ್ಲ.

ಅವಳು ತಲೆ ಎತ್ತದೆ ಎರಡರ ಅಂಕ ಹೇಳಿದಳು. ಸೊನ್ನೆ. ಮೂರು.

"ಎರಡೂ ಒಂದ ಆಡಿನ ಲಿವರ್," ಎಂದ ಕಾಂತೇಶ. "ಮಂಗಳವಾರ ಸಂಜಿಗೆ ಖಾಜಾಮಿಯಾನ ಅಂಗಡಿಯಿಂದ ತಂದದ್ದು. ಏಳು ಸಲೈನಿನಾಗ ತೊಳದದ್ದು. ಹನ್ನೊಂದು ನಳದ ನೀರಾಗ."

ಸಲೈನ್ ಎಂದರೆ ಮೈಯ ರಕ್ತದಷ್ಟೇ ಉಪ್ಪಿರುವ ನೀರು. ಗುರುದೇವಿ ಮನಸ್ಸಿನಲ್ಲೇ ದಿನ ಲೆಕ್ಕ ಹಾಕಿದಳು. ಮೇಣ ಮಾಡಿ, ಕೊಯ್ದು, ಬಣ್ಣ ಹಾಕಲು ಎರಡು ದಿನ ಬೇಕು. ಅದಕ್ಕೇ ಅವನು ಊರಿಗೆ ಹೋಗಿರಲಿಲ್ಲ. ಅದಕ್ಕೇ ಬಸ್ಸಿನಲ್ಲಿರಲಿಲ್ಲ.

"ಇಷ್ಟೆಲ್ಲಾ ಯಾಕ ಮಾಡಿದ್ರಿ?"

"ಸುಮ್ಮ ಬಾಯಿ ಮಾತಿನ್ಯಾಗ ನಿಮ್ಮ ಕೆಲಸಕ್ಕ ತಪ್ಪು ಅನಬಾರದ್ರಿ. ಕೈಯಾಗ ಪುರಾವೆ ಇರಬೇಕು." ಅವನು ಎರಡೂ ಸ್ಲೈಡು ತೆಗೆದಿಟ್ಟ. "ಖಾಜಾಮಿಯಾ ಕೇಳಿದ, ಅರ್ಧ ಉಪ್ಪುನೀರಾಗ ಅರ್ಧ ಸಿಹಿನೀರಾಗ ತೊಳ್ಯೂದು ಯಾ ಅಡಗಿ ಅಂತ."

ಅವಳು ನಕ್ಕಳು. ನಗುವಾಗಲೇ ಕಣ್ಣು ತುಂಬಿತು.

"ನಿಮ್ಮ ಚಿಪ್ಪಿ ಸಿಹಿನೀರು ಕಂಡಾವೇನ್ರಿ?" ಎಂದು ಅವನು ಮೆಲ್ಲಗೆ ಕೇಳಿದ.

"ಕಂಡಾವ್ರಿ. ಮೂರು ಸಲ."

ಅವಳು ರಿಜಿಸ್ಟರ್ ಕೇಳಿ ತೆಗೆದುಕೊಂಡಳು. ನಡುಗಡ್ಡೆಯ ಇಪ್ಪತ್ತು ಸಂಖ್ಯೆಗಳ ಮೇಲೆ ಒಂದೇ ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: "ಸಿಹಿನೀರಿನಲ್ಲಿ ತೊಳೆದದ್ದು. ತಪ್ಪು ನನ್ನದು. ಕಂಡುಹಿಡಿದವರು ಕಾಂತೇಶ." ಸಹಿ ಹಾಕಿದಳು.

ಕಾಂತೇಶ ಆ ಸಾಲನ್ನು ಓದಿ, ಅವಳಿಗೆ ಚಹಾ ತರಲು ಹೋದ.

ಹತ್ತು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ ಅವಳು ಗೈಡಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಆಮೇಲೆ ಅವರು, ಸಭೆಯಿಂದ ಹೆಸರು ತೆಗೆಯುತ್ತೇನೆ, ಪ್ರಬಂಧಕ್ಕೆ ಮೂರು ತಿಂಗಳು ಹೆಚ್ಚು ಕೇಳುತ್ತೇನೆ, ಆದರೆ ಜೂನ್ ಒಂದರಿಂದ ಮಳೆಗಾಲ, ದೋಣಿ ಸಮುದ್ರಕ್ಕೆ ಇಳಿಯುವುದಿಲ್ಲ, ಅಷ್ಟರೊಳಗೆ ಬಂದು ನಡುಗಡ್ಡೆಯಿಂದ ಹೊಸದಾಗಿ ತೆಗೆದುಕೊಂಡು ಹೋಗು ಎಂದರು. ಅರ್ಧವನ್ನು ಸಮುದ್ರದ ನೀರಿನಲ್ಲಿ ತೊಳೆಯಬೇಕು, ಅರ್ಧವನ್ನು ಸಿಹಿನೀರಿನಲ್ಲಿ. ತಪ್ಪನ್ನೂ ತೋರಿಸಿಯೇ ಬರೆಯಬೇಕು.

ಅಪ್ಪನನ್ನು ಎತ್ತಿ ಕೂರಿಸಲು ಹತ್ತು ದಿನದ ಮಟ್ಟಿಗೆ ಹಂಪಮ್ಮನ ತಮ್ಮ ಬಾಲಪ್ಪ ಬಂದು ಉಳಿದ. ಶನಿವಾರ ಗುರುದೇವಿ ಹುಬ್ಬಳ್ಳಿ ಬಸ್ಸು ಹತ್ತಿದಳು.

* * *

ಜೂನ್ ಎರಡು, ಬೆಳಿಗ್ಗೆ ಐದು ಗಂಟೆ ಏಳು ನಿಮಿಷ. ಬಸ್ಸು ಶಹಾಪುರಕ್ಕೆ ಎರಡು ನಿಮಿಷ ತಡವಾಗಿ ಬಂತು. ಎರಡನೇ ಸಾಲಿನ ಕಿಟಕಿ ಸೀಟಿನ ಮೇಲೆ ಟವೆಲ್ ಇತ್ತು.

ಗುರುದೇವಿ ಹೊಸ ಡಬ್ಬಿಯನ್ನು ತಾನಾಗಿಯೇ ಅವನ ಕೈಗೆ ಕೊಟ್ಟಳು. ಅವನು ಅದನ್ನು ಕಿಟಕಿಯ ಗಾಳಿಗೆ ಹಿಡಿದ. ಇಬ್ಬರೂ ಯಾದಗಿರಿಯವರೆಗೆ ಮಾತಾಡಲಿಲ್ಲ. ಈ ಸಲ ಆ ಮೌನ ಇಬ್ಬರಿಗೂ ಭಾರವಾಗಲಿಲ್ಲ.

ಅವನು ನಾಲ್ಕು ದಿನದಲ್ಲಿ ಇಪ್ಪತ್ತೂ ಅಚ್ಚು ಕೊಯ್ದ. ಹೆಸರು ಅಳಿಸಿ ಸಂಖ್ಯೆ ಹಾಕಿದ. ಪಟ್ಟಿ ಬೀರುವಿಗೆ ಹೋಯಿತು. ಅವಳು ಒಂದೊಂದೇ ಓದಿದಳು. ಜೂನ್ ಎಂಟರಂದು ಕೊನೆಯದು ಮುಗಿಯಿತು.

ಸಿಹಿನೀರು ಕಂಡ ಹತ್ತೂ ಒಡೆದಿದ್ದವು. ಸಮುದ್ರದ ನೀರಿನಲ್ಲಿ ತೊಳೆದ ಹತ್ತೂ ಸರಿಯಾಗಿದ್ದವು. ನಡುಗಡ್ಡೆಯ ನೀರು ಶುದ್ಧವಾಗಿಯೇ ಇತ್ತು. ಅದರೊಂದಿಗೆ ಹೋಲಿಸಿದರೆ ಬಂದರಿನ ಹಾನಿ ಈಗ ಸ್ಪಷ್ಟವಾಗಿ ಕಾಣುತ್ತಿತ್ತು.

ಕಾಂತೇಶ ರಿಜಿಸ್ಟರ್ ಮುಚ್ಚಿದ. ಅವಳು ಎದ್ದು ಹೋಗಲಿಲ್ಲ.

"ಅವತ್ತು ಆಡಿದ್ದು ತಪ್ಪಾತ್ರಿ," ಎಂದಳು. "ಕೊಯ್ಯೋರು ಅಂದದ್ದು."

"ಕೊಯ್ಯೋನ ಅದೀನಿ ಬಿಡ್ರಿ."

"ನನಗಿಂತ ಮೊದಲ ಓದಿದವರು ನೀವು." ಅವಳು ಬೆರಳಿನಿಂದ ರಿಜಿಸ್ಟರಿನ ಅಂಚು ಸರಿಮಾಡಿದಳು. "ಇನ್ನ ಒಂದು ಉತ್ತರ ನಿಮ್ಮ ಹತ್ರ ಉಳದದ. ದಿನಾ ಟವೆಲ್ ಹಾಕಿ ಸೀಟು ಹಿಡದದ್ದು ಯಾಕ?"

"ಎಲ್ಲಾ ಓದಿ ಮುಗಿಯೂ ತನಕ ತೋರಸಬ್ಯಾಡ ಅಂತ ನೀವ ಬರಸೀರಿ."

"ಓದಿ ಮುಗಿಸೀನ್ರಿ."

ಕಾಂತೇಶ ಅವಳನ್ನು ನೋಡಿದ. ಹತ್ತು ವರ್ಷ ಒಮ್ಮೆಯೂ ಅವಸರ ಮಾಡದ ಕೈ ಈಗ ಸುಮ್ಮನೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿತ್ತು.

"ಮೊದಲನೇ ದಿನ ನನ್ನ ಕೈಯಿಂದ ಡಬ್ಬಿ ಕಸ್ಕೊಂಡ್ರಲ್ಲ," ಎಂದ. "ಅವತ್ತಿಂದ ಆಗ್ಯದ ಇದು. ನಮ್ಮವ್ವ ದಿನಾ ಕೇಳಾಕತ್ತಾಳ, ಟವೆಲ್ ಇಷ್ಟು ಸಲ ಯಾಕ ಒಗಿಬೇಕು ಅಂತ."

"ಏನ್ ಹೇಳೀರಿ?"

"ಇನ್ನಾ ಹೇಳಿಲ್ಲ. ನಿಮ್ಮನ್ನ ಕೇಳದ ಹ್ಯಾಂಗ ಹೇಳ್ಲಿ?"

ಗುರುದೇವಿ ಅವನ ಕೈಯಿಂದ ಪೆನ್ನು ತೆಗೆದು ರಿಜಿಸ್ಟರಿನ ಮೇಲಿಟ್ಟಳು. ಹೊರಗೆ ಮೊದಲ ರೋಗಿ ಬಂದು ಬೆಂಚಿನ ಮೇಲೆ ಕುಳಿತ ಸದ್ದಾಯಿತು.

"ಡಬ್ಬಿ ಕೇಳದ ಎತ್ತಿಕೊಂಡಿದ್ರಿ," ಎಂದಳು. "ಇದನ್ನ ಕೇಳಿದ್ರಲ್ಲ. ಹೇಳ್ರಿ ಅವ್ವಗ."

ಮುಂದಿನ ಭಾನುವಾರ ಹಣಮಂತಮ್ಮ ಮಗನೊಂದಿಗೆ ಶಹಾಪುರಕ್ಕೆ ಬಂದಳು. ಹಂಪಮ್ಮ ಕಾಂತೇಶನನ್ನು ಒಂದೇ ಪ್ರಶ್ನೆ ಕೇಳಿದಳು, ಲ್ಯಾಬಿನಿಂದ ಬಂದ ಮೇಲೆ ಕೈ ಎಷ್ಟು ಸಲ ತೊಳೆಯುತ್ತೀ ಎಂದು. ಅವನು ಮೂರು ಸಲ ಎಂದ.

ಪ್ರಬಂಧ ಸೆಪ್ಟೆಂಬರ್ ಒಂಬತ್ತರಂದು ಸಲ್ಲಿಕೆಯಾಯಿತು. ಸಿಹಿನೀರಿನ ತಪ್ಪಿನ ಬಗ್ಗೆ ಅದರಲ್ಲಿ ನಾಲ್ಕು ಪುಟಗಳಿವೆ. ನವೆಂಬರ್ ಹದಿನಾರರಂದು ಶಹಾಪುರದಲ್ಲಿ ಅವರ ಮದುವೆಯಾಯಿತು.